ಎಳೆಗೂಸಿನ ಕೈಕಾಲು ನಡುಗಿದರೆ

ಗರ್ಭದಲ್ಲಿರುವ ಮಗುವಿಗೆ ಕ್ಯಾಲ್ಸಿಯಂ ತಾಯಿಯ ರಕ್ತದಿಂದಲೇ ಸಿಗುತ್ತದೆ. ಹೊಕ್ಕುಳಬಳ್ಳಿ ಕತ್ತರಿಸಿದೊಡನೆ ಅದು ನಿಂತು, ಮೊದಲ 24ರಿಂದ 48 ಗಂಟೆಗಳಲ್ಲಿ ಮಗುವಿನ ರಕ್ತದಲ್ಲಿ ಕ್ಯಾಲ್ಸಿಯಂ ಇಳಿಯುತ್ತದೆ. ಆಗ ಕುತ್ತಿಗೆಯಲ್ಲಿರುವ ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳು ಹಾರ್ಮೋನು ಸುರಿಸಿ ಅದನ್ನು ಮತ್ತೆ ಏರಿಸುತ್ತವೆ. ದಿನ ತುಂಬುವ ಮುನ್ನ ಹುಟ್ಟಿದ ಮಕ್ಕಳಲ್ಲಿ, ಸಕ್ಕರೆ ಕಾಯಿಲೆಯ ತಾಯಂದಿರ ಮಕ್ಕಳಲ್ಲಿ ಈ ಕೆಲಸ ತಡವಾಗುತ್ತದೆ.

ತಾಯಿಗೆ ವಿಟಮಿನ್ ಡಿ ಕಡಿಮೆಯಿದ್ದರೆ ಮಗುವಿಗೂ ಕಡಿಮೆ. ಬಿಸಿಲಿಗೆ ಮೈಯೊಡ್ಡುವ ಅವಕಾಶ ಕಡಿಮೆಯಿರುವ ನಮ್ಮ ಸಹೋದರಿಯರು ಗರ್ಭಿಣಿಯಾದಾಗಲೇ ಈ ಬಗ್ಗೆ ವೈದ್ಯರನ್ನು ಕೇಳಬೇಕು. ಎದೆಹಾಲಿನಲ್ಲೂ ಈ ವಿಟಮಿನ್ ಅತ್ಯಲ್ಪ. ಅದಕ್ಕೇ ಮಗುವಿಗೆ ದಿನಕ್ಕೆ 400 ಯೂನಿಟ್‌ನ ಹನಿ ಬರೆದುಕೊಡುತ್ತಾರೆ. ಹಸುವಿನ ಹಾಲಂತೂ ಬೇಡವೇ ಬೇಡ; ಅದರಲ್ಲಿ ಹೆಚ್ಚಿರುವ ರಂಜಕ ಕ್ಯಾಲ್ಸಿಯಂ ಅನ್ನು ಇನ್ನಷ್ಟು ತಗ್ಗಿಸುತ್ತದೆ.

ಕೈಕಾಲು ಪದೇಪದೇ ನಡುಗಿದರೆ ವೈದ್ಯರಿಗೆ ತೋರಿಸಿ. ಮೆಲ್ಲಗೆ ಹಿಡಿದರೂ ನಡುಕ ನಿಲ್ಲದಿದ್ದರೆ ಅದು ಫಿಟ್ಸ್ ಇರಬಹುದು. ದೃಷ್ಟಿಯಾಗಿದೆ ಎಂದು ಬೆಳಗಿನವರೆಗೆ ಕಾಯಬೇಡಿ, ನಡುರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ.