ಒಂದೂವರೆ ತಿಂಗಳಿಗೂ ಮುಂಚೆ

ನಾಯಿಕೆಮ್ಮು ಬಂದ ಮಗು ಉಸಿರಾಡಲೂ ಬಿಡುವಿಲ್ಲದೆ ಕೆಮ್ಮುತ್ತದೆ. ಮುಖ ಕೆಂಪೇರುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ಕಡೆಗೆ ‘ಹೂಪ್’ ಎಂದು ಗಾಳಿ ಎಳೆದುಕೊಂಡು, ಕುಡಿದ ಹಾಲನ್ನೆಲ್ಲ ಕಕ್ಕಿಬಿಡುತ್ತದೆ. ಇಷ್ಟು ಹಿರಿಯರಿಗೆಲ್ಲ ಗೊತ್ತು. ಆದರೆ ಎಳೆಗೂಸಿನಲ್ಲಿ ಆ ಸದ್ದು ಎಷ್ಟೋ ಸಲ ಕೇಳಿಸುವುದೇ ಇಲ್ಲ. ಜೋರಾಗಿ ಕೆಮ್ಮುವ ತ್ರಾಣವಿಲ್ಲದೆ ಕೂಸು ಇದ್ದಕ್ಕಿದ್ದಂತೆ ಉಸಿರು ನಿಲ್ಲಿಸುತ್ತದೆ, ತುಟಿ ನೀಲಿಗಟ್ಟುತ್ತದೆ. ಆಗ ಕಷಾಯ, ಹೊಗೆ, ಮಂತ್ರ ಎಂದು ಹೊತ್ತು ಕಳೆಯಬಾರದು; ತಕ್ಷಣ ಆಸ್ಪತ್ರೆಗೆ ಓಡಬೇಕು.

ಈ ರೋಗದ ಬ್ಯಾಕ್ಟೀರಿಯಾವನ್ನು 1906ರಲ್ಲಿ ಬೆಳೆಸಿ ತೋರಿಸಿದವರು ಬೆಲ್ಜಿಯಂನ ಬೋರ್ಡೆ ಮತ್ತು ಜಾಂಗು. ಲಸಿಕೆಯನ್ನು ನಂಬಿಕೆಗೆ ಅರ್ಹವಾಗಿಸಿದ ಶ್ರೇಯಸ್ಸಿನಲ್ಲಿ ದೊಡ್ಡ ಪಾಲು ಅಮೆರಿಕದ ಗ್ರ್ಯಾಂಡ್ ರ‍್ಯಾಪಿಡ್ಸ್‌ನ ಪರ್ಲ್ ಕೆಂಡ್ರಿಕ್ ಮತ್ತು ಗ್ರೇಸ್ ಎಲ್ಡರಿಂಗ್ ಅವರದು. ಇಬ್ಬರೂ ಬಾಲ್ಯದಲ್ಲಿ ನಾಯಿಕೆಮ್ಮು ಅನುಭವಿಸಿದವರೇ. 1930ರ ದಶಕದ ಆರ್ಥಿಕ ಕುಸಿತದ ದಿನಗಳಲ್ಲಿ, ಹಗಲು ಪ್ರಯೋಗಾಲಯದ ಕೆಲಸ ಮುಗಿಸಿ, ಸಂಜೆ ಬಡವರ ಮನೆಮನೆಗೆ ಹೋಗಿ ಕೆಮ್ಮುವ ಮಕ್ಕಳ ಬಾಯಿಯೆದುರು ತಟ್ಟೆ ಹಿಡಿದು ರೋಗಾಣು ಸಂಗ್ರಹಿಸಿದರು. ಅವರ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿ ಬರಬೇಕು ಎಂಬುದು ನನ್ನ ಆಸೆ.

ಲಸಿಕೆ ಕೈಬಿಟ್ಟರೆ ಏನಾಗುತ್ತದೆಂಬುದಕ್ಕೆ ಜಪಾನ್ ಸಾಕ್ಷಿ. 1974ರಲ್ಲಿ ಅಲ್ಲಿ ಕಾಣಿಸಿಕೊಂಡದ್ದು 400ಕ್ಕೂ ಕಡಿಮೆ ಪ್ರಕರಣ. ಚುಚ್ಚುಮದ್ದಿನ ಬಳಿಕ ಇಬ್ಬರು ಶಿಶುಗಳು ತೀರಿಕೊಂಡ ಸುದ್ದಿಯಿಂದ ಜನ ಹೆದರಿದರು, ಲಸಿಕೆ ಹಾಕಿಸುವವರ ಸಂಖ್ಯೆ ಇಳಿಯಿತು. 1979ರ ಹೊತ್ತಿಗೆ 13,000ಕ್ಕೂ ಹೆಚ್ಚು ಪ್ರಕರಣ, 41 ಸಾವು.

ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ನಾಯಿಕೆಮ್ಮಿನ ಲಸಿಕೆಯೂ ಸೇರಿರುವ ಪೆಂಟಾವೇಲೆಂಟ್ ಚುಚ್ಚುಮದ್ದು ಉಚಿತ. ಒಂದೂವರೆ, ಎರಡೂವರೆ, ಮೂರೂವರೆ ತಿಂಗಳಿಗೆ ಒಂದೊಂದು. ಆಮೇಲೆ 16ರಿಂದ 24 ತಿಂಗಳೊಳಗೆ ಮತ್ತು 5–6ನೇ ವರ್ಷದಲ್ಲಿ ಡಿಪಿಟಿ ಬೂಸ್ಟರ್. ತೊಡೆ ಊದಿ ರಾತ್ರಿಯೆಲ್ಲ ಜ್ವರ ಬಂದಾಗ ತಾಯಿಯ ಜೀವ ಹಾರಿಹೋಗುತ್ತದೆ, ನಿಜ. ಸಾಮಾನ್ಯವಾಗಿ ಅದು ಒಂದೆರಡು ದಿನದಲ್ಲಿ ಇಳಿಯುತ್ತದೆ. ಅದೇ ಭಯದಿಂದ ಮುಂದಿನ ಡೋಸ್ ಬಿಡುವುದು ಮಗುವಿಗೆ ಮಾಡುವ ಅನ್ಯಾಯ.

ನನ್ನನ್ನು ಹೆಚ್ಚು ಕಾಡುವುದು ಮೊದಲ ಚುಚ್ಚುಮದ್ದಿಗೂ ಮುಂಚಿನ ಆರು ವಾರ. ಜೀವಕ್ಕೆ ಅತಿ ಹೆಚ್ಚು ಅಪಾಯವಿರುವ ಎಳವೆಯಲ್ಲೇ ಕೂಸಿಗೆ ಸ್ವಂತ ರಕ್ಷಣೆ ಇಲ್ಲ. ಅದಕ್ಕೆ ದಾರಿ ತಾಯಿಯ ಮೂಲಕ: ಗರ್ಭಿಣಿಗೆ 27ರಿಂದ 36ನೇ ವಾರದೊಳಗೆ, ನಾಯಿಕೆಮ್ಮಿನ ಅಂಶವಿರುವ ಟಿಡ್ಯಾಪ್ ಲಸಿಕೆ ಹಾಕಿಸಿದರೆ ರೋಗನಿರೋಧಕ ಕಣಗಳು ಹೊಕ್ಕುಳಬಳ್ಳಿಯಿಂದ ಮಗುವಿಗೆ ಇಳಿಯುತ್ತವೆ. ಬ್ರಿಟನ್ 2012ರಿಂದ ಎಲ್ಲ ಗರ್ಭಿಣಿಯರಿಗೂ ನಾಯಿಕೆಮ್ಮಿನ ಲಸಿಕೆ ಕೊಡುತ್ತಿದೆ. ನಮ್ಮ ಸರ್ಕಾರ ಗರ್ಭಿಣಿಯರಿಗೆ ಕೊಡುವ ಟಿಡಿ ಲಸಿಕೆಯಲ್ಲಿ ನಾಯಿಕೆಮ್ಮಿನ ಅಂಶವಿಲ್ಲ; ಟಿಡ್ಯಾಪ್ ಬೇಕೆಂದರೆ ಖಾಸಗಿಯಾಗಿ ಹಣ ಕೊಡಬೇಕು. ಕೂಲಿ ಮಾಡುವ ಹೆಣ್ಣುಮಗಳಿಗೂ ಅದು ಸಿಗುವಂತಾಗಬೇಕು.

ಇನ್ನು ಬಾಣಂತಿ ಮನೆಗೆ ಬರುವ ನೆಂಟರು. ದೊಡ್ಡವರಲ್ಲಿ ಈ ರೋಗ ವಾರಗಟ್ಟಲೆ ಬಿಡದ ಬರೀ ಕೆಮ್ಮಾಗಿರಬಹುದು, ಕೂಸಿಗೆ ಹರಡುವುದು ಹೆಚ್ಚಾಗಿ ಮನೆಯವರಿಂದಲೇ. ಕೆಮ್ಮುವವರು ಚಿಕ್ಕಪ್ಪನಾಗಲಿ ಸೋದರತ್ತೆಯಾಗಲಿ, ಮಗುವನ್ನು ಎತ್ತಿಕೊಳ್ಳಬೇಡಿ ಎಂದು ಹೇಳಲು ಸಂಕೋಚ ಬೇಡ. ಕೊನೆಗೊಂದು ಮಾತು: ಮಗುವಿಗೆ ಯಾವುದಾದರೂ ಡೋಸ್ ತಪ್ಪಿದ್ದರೆ ಮೊದಲಿನಿಂದ ಶುರುಮಾಡಬೇಕಿಲ್ಲ. ತಾಯಿ ಕಾರ್ಡ್ ತೆಗೆದುಕೊಂಡು ಆಶಾ ಕಾರ್ಯಕರ್ತೆಯನ್ನು ಕೇಳಿದರೆ, ನಿಂತಲ್ಲಿಂದಲೇ ಮುಂದುವರಿಸುತ್ತಾರೆ.