ಅರೆತಲೆನೋವು: ಮಿಡಿಯುವ ನಾಳದ ಮೇಲಿನ ಅಪವಾದ

ಮುಳಬಾಗಿಲು ತಾಲ್ಲೂಕಿನ ಬೈರಕೂರು ಕಡೆ ಬಿಸಿಲಲ್ಲಿ ಟೊಮೆಟೊ ಬಿಡಿಸುವವರಿಗೆ ಅರೆತಲೆನೋವು ಎದ್ದರೆ ಮೊದಲ ಮದ್ದು, ಟವೆಲ್ಲೋ ಸೆರಗೋ ತಲೆಗೆ ಬಿಗಿಯಾಗಿ ಸುತ್ತುವುದು. ಕಣತಲೆಯಲ್ಲಿ ದಬದಬನೆ ಹೊಡೆದುಕೊಳ್ಳುವ ನಾಳವನ್ನು ಒತ್ತಿ ಹಿಡಿದರೆ ಒಂದಿಷ್ಟು ಹಾಯೆನಿಸುತ್ತದೆ. 1938ರಲ್ಲಿ ಅಮೆರಿಕದ ವೈದ್ಯರಾದ ಗ್ರಹಾಂ ಮತ್ತು ಹೆರಾಲ್ಡ್ ವುಲ್ಫ್ ಕೂಡ ಇದೇ ನಾಳದ ಬೆನ್ನು ಹತ್ತಿದ್ದರು. ನಾಳ ಕುಗ್ಗಿಸುವ ಎರ್ಗಟಮಿನ್ ಎಂಬ ಮದ್ದು ಕೊಟ್ಟಾಗ ಮಿಡಿತ ತಗ್ಗಿತು, ನೋವೂ ತಗ್ಗಿತು. ಹಿಗ್ಗಿದ ರಕ್ತನಾಳವೇ ನೋವಿನ ಮೂಲ ಎಂಬ ಮಾತು ಮುಂದೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ನಡೆಯಿತು.

ನಾಳದ ವಿರುದ್ಧದ ಈ ಸಾಕ್ಷಿ ಕೆಟ್ಟದ್ದು ಡೆನ್ಮಾರ್ಕಿನಲ್ಲಿ. ನೋವು ತಾನಾಗಿ ಎದ್ದ ಹೊತ್ತಿನಲ್ಲೇ ಹೆಂಗಸರನ್ನು ಸ್ಕ್ಯಾನಿಗೆ ಮಲಗಿಸಿದ ತಂಡದ ವರದಿ 2013ರಲ್ಲಿ ಬಂತು. ತಲೆಬುರುಡೆಯ ಹೊರಗಿನ ನಾಳಗಳು ಹಿಗ್ಗಿರಲಿಲ್ಲ, ಒಳಗಿನವು ತುಸುವೇ ಹಿಗ್ಗಿದ್ದವು. ಅರೆತಲೆನೋವಿನ ಮದ್ದಾದ ಸುಮಾಟ್ರಿಪ್ಟಾನ್ ಕೊಟ್ಟ ಮೇಲೆ ನೋವು ಇಳಿಯಿತು, ಆ ಒಳನಾಳಗಳು ಮಾತ್ರ ಕುಗ್ಗಲಿಲ್ಲ!

ಹಾಗಾದರೆ ನೋಯುವುದು ಯಾವುದು? ಮುಖದಿಂದಲೂ ಮೆದುಳಿನ ಹೊದಿಕೆಯ ನಾಳಗಳಿಂದಲೂ ಸುದ್ದಿ ಒಯ್ಯುವ ಟ್ರೈಜೆಮಿನಲ್ ನರ. ಅದು ಕೆರಳಿದಾಗ ಸಿಜಿಆರ್‌ಪಿ ಎಂಬ ರಾಸಾಯನಿಕ ಸುರಿಯುತ್ತದೆ. ನೋವಿನ ದಾರಿ ತೆರೆದುಕೊಳ್ಳುತ್ತದೆ, ಜೊತೆಗೇ ನಾಳವೂ ಹಿಗ್ಗುತ್ತದೆ. ಅಂದರೆ ನಾವು ಕಂಡಿದ್ದು ಕಾರಣವನ್ನಲ್ಲ, ಕಾರಣದ ಜೊತೆಗಾರನನ್ನು. ಈ ದಾರಿಯನ್ನು ಬಿಡಿಸಿ ತೋರಿಸಿದ ಎಡ್ವಿನ್ಸನ್, ಗೋಡ್ಸ್‌ಬಿ, ಮಾಸ್ಕೊವಿಟ್ಜ್, ಓಲೆಸೆನ್ ಅವರಿಗೆ 2021ರ ಬ್ರೈನ್ ಪ್ರೈಜ್ ಸಂದಿತು.

ನಮ್ಮಲ್ಲಿ ಇದು ಎಷ್ಟು ಜನರ ಪಾಡು? 2009-10ರಲ್ಲಿ ನಿಮ್ಹಾನ್ಸ್ ತಂಡದವರು ಬೆಂಗಳೂರು ಮತ್ತು ಸುತ್ತಲ ಹಳ್ಳಿಗಳ 2,329 ಮಂದಿಯನ್ನು ಮನೆಮನೆಗೆ ಹೋಗಿ ವಿಚಾರಿಸಿದರು. ವರ್ಷದೊಳಗೆ ಮೈಗ್ರೇನ್, ಅಂದರೆ ಅರೆತಲೆನೋವು, ಕಂಡವರು ಸುಮಾರು ಶೇ 25. ಹೆಂಗಸರಲ್ಲಿ ಹೆಚ್ಚು, ಪೇಟೆಗಿಂತ ಹಳ್ಳಿಯಲ್ಲಿ ಹೆಚ್ಚು. ತಲೆನೋವು ಪೇಟೆಯವರ ಕಾಯಿಲೆ ಎನ್ನುವವರು ಇದನ್ನೊಮ್ಮೆ ನೋಡಬೇಕು.

ನಾಳಕ್ಕೆ ಪೂರ್ತಿ ಬಿಡುಗಡೆ ಸಿಕ್ಕಿಲ್ಲ, ನಿಜ. ನೋವಿಗೆ ಮೊದಲು ಕಣ್ಣೆದುರು ಅಂಕುಡೊಂಕು ಬೆಳಕು ಕಾಣುವ ಔರಾ ಇದ್ದವರಲ್ಲಿ, ರಕ್ತ ಕಟ್ಟಿ ಬರುವ ಪಾರ್ಶ್ವವಾಯುವಿನ ಸಾಧ್ಯತೆ ಉಳಿದವರಿಗಿಂತ ಸುಮಾರು ಎರಡು ಪಟ್ಟು. ಚಿಕ್ಕ ವಯಸ್ಸಿನಲ್ಲಿ ಆ ಅಪಾಯ ಎರಡು ಪಟ್ಟಾದರೂ ಸಣ್ಣದೇ. ಆದರೆ ಬೀಡಿ-ಸಿಗರೇಟು ಸೇರಿದರೆ, ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ಸೇರಿದರೆ ಲೆಕ್ಕ ಬದಲಾಗುತ್ತದೆ. ಹಾಗಾಗಿ ಆ ಮಾತ್ರೆ ಬರೆಸಿಕೊಳ್ಳುವಾಗ ಕಣ್ಣೆದುರಿನ ಬೆಳಕಿನ ಸಂಗತಿಯನ್ನು ಡಾಕ್ಟರಿಗೆ ಹೇಳಲೇಬೇಕು. ಅವರು ಕೇಳದಿದ್ದರೂ.