ಕೊಳ್ಳುವ ಸೇರು, ಕೊಡುವ ಸೇರು

2007ನೆಯ ಇಸವಿಯ ಜನವರಿ ತಿಂಗಳು, ತೊಗರಿಯ ಸುಗ್ಗಿ. ಅಕ್ಕಲಕೋಟೆ ಪೇಟೆಯ ನಮ್ಮ ಅಡತಿ ಅಂಗಡಿಯಲ್ಲಿ ಸವಾಲು ಮುಗಿದು ಚೀಲಗಳ ತೂಕ ನಡೆದಿತ್ತು. ಚಹಾ ಬಂತು, ಚಹಾದ ಹಿಂದೆ ಪತ್ರಿಕೆ ಬಂತು. ಆ ದಿವಸ ತೊಗರಿಯ ಧಾರಣೆಗಿಂತ ಮೊದಲು ಎಲ್ಲರೂ ಓದಿದ್ದು ಶಿಲ್ಪಾ ಶೆಟ್ಟಿಯವರ ಸುದ್ದಿಯನ್ನು.

ವಾಚಕರಲ್ಲಿ ಹಿರಿಯರಿಗೆ ನೆನಪಿದ್ದೀತು, ಕಿರಿಯರಿಗಾಗಿ ಹೇಳುತ್ತೇವೆ. ವಿಲಾಯತಿಯ ಚಾನೆಲ್ ಫೋರ್ ಎಂಬ ದೂರದರ್ಶನದವರು ಹೆಸರಾಂತ ಕೆಲವರನ್ನು ಒಂದು ಮನೆಯಲ್ಲಿ ಕೂಡಿಹಾಕಿ, ಹಗಲು ರಾತ್ರಿ ಕ್ಯಾಮರಾ ಇಟ್ಟು ಲೋಕಕ್ಕೆಲ್ಲ ತೋರಿಸುವ ‘ಸೆಲೆಬ್ರಿಟಿ ಬಿಗ್ ಬ್ರದರ್’ ಎಂಬ ಕಾರ್ಯಕ್ರಮ ನಡೆಸುತ್ತಿದ್ದರು. ಆ ಸಲ ಅದರೊಳಗೆ ಮಂಗಳೂರಿನಲ್ಲಿ ಹುಟ್ಟಿದ, ಬಂಟ ಮನೆತನದ ಶಿಲ್ಪಾ ಶೆಟ್ಟಿ ಇದ್ದರು. ಅದೇ ಮನೆಯಲ್ಲಿದ್ದ ಜೇಡ್ ಗೂಡಿ ಮತ್ತು ಆಕೆಯ ಇಬ್ಬರು ಗೆಳತಿಯರು ಶಿಲ್ಪಾರ ಮಾತಿನ ಧಾಟಿಯನ್ನು ಅಣಕಿಸಿದರು, ಅವರು ಕೈಯಿಂದ ಮುಟ್ಟಿದ ಅಡಿಗೆಗೆ ಮೂಗು ಮುರಿದರು. ಸಾರಿಗೆ ಹಾಕುವ ಮಸಾಲೆ ಗಟ್ಟಿಯ ಸಲುವಾಗಿ ದೊಡ್ಡ ಜಗಳವೇ ಆಯಿತು. ಅಡ್ಡಹೆಸರು ಗೊತ್ತಿಲ್ಲವೆಂದು ಜೇಡ್ ಅವರನ್ನು ‘ಶಿಲ್ಪಾ ಪಾಪಡಮ್’ ಎಂದಳು. ಪಾಪಡಮ್ ಅಂದರೆ ನಮ್ಮ ಮನೆಯ ಹಪ್ಪಳ. ಹಪ್ಪಳವೂ ಬೈಗುಳಾಗಬಲ್ಲದೆಂದು ನಮಗೆ ಗೊತ್ತಾದದ್ದು ಅಂದೇ.

ವಿಲಾಯತಿಯ ಪ್ರೇಕ್ಷಕರೇ ನಲವತ್ತು ಸಾವಿರಕ್ಕೂ ಮೇಲ್ಪಟ್ಟು ತಕರಾರು ಸಲ್ಲಿಸಿದರು. ಅವರ ಪಾರ್ಲಿಮೆಂಟಿನಲ್ಲಿ ಪ್ರಧಾನಿ ಟೋನಿ ಬ್ಲೇರ್ ಉತ್ತರ ಹೇಳಬೇಕಾಯಿತು. ಅರ್ಥಮಂತ್ರಿ ಗೋರ್ಡನ್ ಬ್ರೌನ್ ಅದೇ ಹೊತ್ತಿಗೆ ನಮ್ಮ ದೇಶದ ಪ್ರವಾಸದಲ್ಲಿದ್ದರು. ವ್ಯಾಪಾರದ ಮಾತಿಗೆ ಬಂದವರಿಗೆ ಪತ್ರಕರ್ತರು ಕೇಳಿದ್ದೆಲ್ಲ ಈ ಮನೆಜಗಳವನ್ನೇ. ಪಾಟ್ಣಾದಲ್ಲಿ ಜನ ಕಾರ್ಯಕ್ರಮದವರ ಪ್ರತಿಕೃತಿ ಸುಟ್ಟರು.

ನಮ್ಮ ಗಾದಿಯ ಮೇಲೂ ಕಾವೇರಿತ್ತು. ‘ಆಳಿ ಹೋದ್ರೂ ಇವರ ಸೊಕ್ಕ ಇಳಿಲಿಲ್ಲ ನೋಡ್ರಿ’ ಎಂದು ಒಬ್ಬರು, ‘ಮೈಬಣ್ಣ ನೋಡಿ ಮನಷ್ಯಾನ ಕಿಮ್ಮತ್ತು ಕಟ್ಟೂ ಮಂದಿ’ ಎಂದು ಮತ್ತೊಬ್ಬರು. ನಾವೂ ದನಿಗೂಡಿಸಿದೆವು, ಅಷ್ಟೇ ಅಲ್ಲ, ಎಲ್ಲರಿಗಿಂತ ದೊಡ್ಡ ದನಿ ನಮ್ಮದೇ ಇತ್ತು. ಮಾತಿನ ನಡುವೆಯೇ ಹೊರಗೆ ಕತ್ತು ಹಾಕಿ ಕೂಗಿದೆವು: ‘ಏ ಕರ್ಯಾ, ಆ ಚೀಲ ಒಳಗ ಒಗಿ!’

ಕರ್ಯಾ ಬಂದ, ಚೀಲ ಒಗೆದ, ಹೋದ. ಮಾತು ಮುಂದುವರೆಯಿತು. ಕೂತವರಲ್ಲಿ ಯಾರೂ ಏನೂ ಗಮನಿಸಲಿಲ್ಲ.

ಗಮನಿಸಿದ್ದು ನಮ್ಮ ಮಗಳು. ಆಗ ಒಂಬತ್ತನೆಯ ಇಯತ್ತೆ. ರಜೆಯ ದಿವಸ, ಬುತ್ತಿ ತಂದುಕೊಟ್ಟು ಮೂಲೆಯಲ್ಲಿ ಕೂತಿದ್ದಳು. ಸಂಜೆಗೆ ಮನೆಯ ಹಾದಿಯಲ್ಲಿ ಕೇಳಿದಳು:

‘ಅಪ್ಪಾ, ಆ ಕಾಕಾನ ಖರೇ ಹೆಸರ ಏನು?’

‘ಯಾರದವಾ? ಕರ್ಯಾ ಅಲ್ಲೇನು?’

‘ಅದು ಹೆಸರಲ್ಲಪ್ಪಾ, ಬಣ್ಣ.’

ಮರುದಿವಸ ಖಾತೆ ತೆಗೆಸಿ ನೋಡಿದರೆ ಅಲ್ಲಿಯೂ ‘ಕರ್ಯಾ ಹಮಾಲ, ನಾಗಣಸೂರ’ ಎಂದೇ ಇತ್ತು. ದಿವಾಣಜಿಯನ್ನು ಕೇಳಿದೆವು, ಅವರಿಗೂ ಗೊತ್ತಿರಲಿಲ್ಲ. ಹತ್ತೊಂಬತ್ತು ವರ್ಷ ನಮ್ಮ ಚೀಲ ಹೊತ್ತವನನ್ನೇ ಕರೆದು ‘ನಿನ್ನ ಹೆಸರೇನಪಾ’ ಎಂದು ಕೇಳಲು ನಾಚಿಕೆ. ಕೇಳಲಿಲ್ಲ. ಹಾಗೇ ಬಿಟ್ಟೆವು.

ಬೈಸಿಕೊಂಡವನಿಗೆ ಬೈಗುಳದ ಭಾರ ಗೊತ್ತಿರಬೇಕು. ಆ ಲೆಕ್ಕಕ್ಕೆ ನಮಗೆ ಚೆನ್ನಾಗಿಯೇ ಗೊತ್ತಿರಬೇಕಿತ್ತು. ನಾವು ಗಡಿಯ ಕನ್ನಡಿಗರು. ಮರಾಠಿ ಸೀಮೆಯ ಸಂತೆ ಪೇಟೆಗಳಲ್ಲಿ ನಮ್ಮ ಮಾತು ಕೇಳಿ ‘ಯಂಡುಗುಂಡು’ ಎಂದು ನಕ್ಕವರನ್ನು ಚಿಕ್ಕಂದಿನಿಂದ ಕಂಡವರು. 1960ರಲ್ಲಿ ಬಾಳ ಠಾಕ್ರೆಯವರು ಮುಂಬಯಿಯಲ್ಲಿ ‘ಮಾರ್ಮಿಕ’ ಎಂಬ ವ್ಯಂಗ್ಯಚಿತ್ರಗಳ ವಾರಪತ್ರಿಕೆ ಹೊರಡಿಸಿ, ಮುಂದೆ ಅದರಲ್ಲಿ ಕಚೇರಿ ಕಾರಖಾನೆಗಳ ದಕ್ಷಿಣದವರ ಹೆಸರಿನ ಪಟ್ಟಿಗಳನ್ನು ಅಚ್ಚು ಹಾಕುತ್ತ ಹೋದರು. 1966ರಲ್ಲಿ ಶಿವಸೇನೆ ಹುಟ್ಟಿತು, ಉಡುಪಿ ಹೊಟೇಲುಗಳ ಮೇಲೆ ಕಲ್ಲು ಬಿದ್ದವು. ಚಿತ್ರ ಬರೆದು ನಗಿಸುವವರ ಕೈಯಲ್ಲಿಯೂ ಎಷ್ಟು ಶಕ್ತಿಯಿರುತ್ತದೆಂದು ಮುಂಬಯಿಯಿಂದ ಬಂದ ಬೀಗರು ನಮ್ಮ ತಂದೆಯವರ ಮುಂದೆ ಕೂತು ಹೇಳುತ್ತಿದ್ದರು. ಇಷ್ಟು ಕೇಳಿ ಬೆಳೆದ ಬಾಯಿಯೇ ‘ಏ ಕರ್ಯಾ’ ಎಂದದ್ದು.

ಶಿಲ್ಪಾ ಶೆಟ್ಟಿ ಆ ಸ್ಪರ್ಧೆಯನ್ನು ಜನವರಿ 28ರಂದು ಗೆದ್ದರು. ಜೇಡ್‌ಳದು ವರ್ಣದ್ವೇಷವೆಂದು ತಮಗೆ ಅನ್ನಿಸುವುದಿಲ್ಲವೆಂದೂ ಹೇಳಿದರು. ಮುಂದೆ 2008ರಲ್ಲಿ ನಮ್ಮ ದೇಶದ ‘ಬಿಗ್ ಬಾಸ್’ ಕಾರ್ಯಕ್ರಮವನ್ನು ಶಿಲ್ಪಾ ನಡೆಸಿಕೊಟ್ಟಾಗ ಅದೇ ಜೇಡ್ ಸ್ಪರ್ಧಿಯಾಗಿ ಬಂದಳು. ಪಾಪ, ಆಕೆಗೆ ಕ್ಯಾನ್ಸರ್ ಇದೆಯೆಂಬ ಸುದ್ದಿ ಮುಟ್ಟಿದ್ದು ಆ ಮನೆಯಲ್ಲಿದ್ದಾಗಲೇ. 2009ರ ಮಾರ್ಚದಲ್ಲಿ, ಬರೇ 27ರ ವಯಸ್ಸಿನಲ್ಲಿ ತೀರಿಕೊಂಡಳು. ಸಿಟ್ಟು ಎಷ್ಟು ದಿವಸ ಉಳಿದೀತು?

ಕ್ರಿಕೆಟ್ಟಿನ ಮಾತೂ ಇಲ್ಲಿ ಬರಬೇಕು. ವಿಲಾಯತಿಯವರಿಗೆ ನೀತಿ ಹೇಳಿ ಒಂದು ವರ್ಷವೂ ಆಗಿರಲಿಲ್ಲ, 2007ರ ಅಕ್ಟೋಬರದಲ್ಲಿ ವಡೋದರಾ ಮತ್ತು ಮುಂಬಯಿಯ ಮೈದಾನಗಳಲ್ಲಿ ನಮ್ಮ ಪ್ರೇಕ್ಷಕರು ಆಸ್ಟ್ರೇಲಿಯಾದ ಆಂಡ್ರ್ಯೂ ಸೈಮಂಡ್ಸರನ್ನು ಕಂಡು ಮಂಗನಂತೆ ಕೂಗಿದರು. ಮುಂದಿನ ಜನವರಿಯಲ್ಲಿ ಸಿಡ್ನಿಯ ಟೆಸ್ಟಿನಲ್ಲಿ ಹರಭಜನ್ ಸಿಂಗರು ಅದೇ ಸೈಮಂಡ್ಸರಿಗೆ ಮಂಗ ಎಂದರೆಂದು ಮೂರು ಟೆಸ್ಟುಗಳ ನಿಷೇಧ ಬಂತು. ನಮ್ಮ ಕನ್ನಡಿಗ ಅನಿಲ ಕುಂಬ್ಳೆ ಆಗ ಕಪ್ತಾನರು. ಅಂಪೈರರ ತಪ್ಪುಗಳಿಂದ ಸೋತ ಆ ಪಂದ್ಯದ ಕೊನೆಗೆ, ಒಂದೇ ತಂಡ ಆಟದ ಧರ್ಮದಂತೆ ಆಡಿತೆಂದು ಅವರು ಹೇಳಿದ್ದು ನಮ್ಮೆಲ್ಲರ ಎದೆ ಉಬ್ಬಿಸಿತು. ಅಪೀಲಿನಲ್ಲಿ ವರ್ಣದ ಆರೋಪ ಸಿದ್ಧವಾಗಲಿಲ್ಲ, ನಿಷೇಧ ಹೋಯಿತು. ಆದರೆ ಅಪೀಲಿನಲ್ಲಿ ನಮ್ಮ ಕಡೆಯವರ ಸಮರ್ಥನೆ ಏನಿತ್ತು ಬಲ್ಲಿರಾ? ಮಂಗ ಎನ್ನಲಿಲ್ಲ, ಹಿಂದಿಯ ಒಂದು ತಾಯಿಬೈಗುಳ ಬೈದದ್ದು, ಕೇಳಿದವರಿಗೆ ಅದು ಮಂಗ ಎಂದಂತೆ ಕೇಳಿಸಿರಬೇಕು ಎಂಬುದು! ಓಣಿಯ ಹುಡುಗರು ಪಟಾಕಿ ಹಚ್ಚಿದರು. ವಡೋದರಾದ ಪ್ರೇಕ್ಷಕರನ್ನು ಆ ದಿವಸ ಯಾರೂ ನೆನೆಯಲಿಲ್ಲ. ಆಮೇಲೆ ಅವರಿಬ್ಬರೂ ಮುಂಬಯಿ ತಂಡದಲ್ಲಿ ಜೊತೆಗೂಡಿ ಆಡಿ ಮನಸ್ಸು ಸರಿಮಾಡಿಕೊಂಡರಂತೆ. ಸೈಮಂಡ್ಸರೂ 2022ರಲ್ಲಿ ಮೋಟಾರು ಅಪಘಾತದಲ್ಲಿ ಹೋಗಿಬಿಟ್ಟರು.

ಇನ್ನು ನಮ್ಮ ಸಮಾಜಕ್ಕೇ ತಟ್ಟಿದ ಪ್ರಕರಣ. 2016ರ ಆಗಸ್ಟ್ 26ರಂದು ಮುನಿಶ್ರೀ ತರುಣಸಾಗರ ಮಹಾರಾಜರು ಹರಿಯಾಣದ ವಿಧಾನಸಭೆಯಲ್ಲಿ ಪ್ರವಚನ ಮಾಡಿದರು. ಸಿನೆಮಾ ಸಂಗೀತಗಾರ ವಿಶಾಲ ದದ್ಲಾನಿ ಟ್ವಿಟರಿನಲ್ಲಿ ದಿಗಂಬರತ್ವವನ್ನೇ ಹಾಸ್ಯ ಮಾಡಿದರು, ತೆಹಸೀನ್ ಪೂನಾವಾಲಾ ಎಂಬವರೂ ಬರೆದರು. ಮಹಾರಾಜರು ಅಂದು ಧರ್ಮ ಗಂಡ, ರಾಜಕಾರಣ ಹೆಂಡತಿ ಎಂದು ಹೋಲಿಸಿದ್ದನ್ನು ಒಪ್ಪದೆ ಬರೆದ ಹೆಣ್ಣುಮಕ್ಕಳೂ ಇದ್ದರು, ಅದು ಅವರ ಹಕ್ಕು. ವಿಚಾರವನ್ನು ಟೀಕಿಸುವುದು ಬೇರೆ, ಒಬ್ಬರ ಮೈ ನೋಡಿ ನಗುವುದು ಬೇರೆ. ದೇಶದ ಜೈನ ಸಮಾಜವೆಲ್ಲ ನೊಂದಿತು. ಅಂಬಾಲಾದಲ್ಲಿ ಫಿರ್ಯಾದಿ ದಾಖಲಾಯಿತು. ಖಂಡನೆಯ ಪತ್ರಕ್ಕೆ ನಾವೂ ಸಹಿ ಹಾಕಿದೆವು. ದದ್ಲಾನಿಯವರು ಕ್ಷಮೆ ಬೇಡಿದರು, ಮಹಾರಾಜರು ಕ್ಷಮಿಸಿದರು. ಕೋರ್ಟಿನ ಕಡತ ಮಾತ್ರ ತನ್ನ ಹಾದಿಯಲ್ಲಿ ಸಾಗಿತು. 2019ರಲ್ಲಿ ಪಂಜಾಬ ಮತ್ತು ಹರಿಯಾಣ ಹೈಕೋರ್ಟು ಪ್ರಕರಣ ರದ್ದುಮಾಡಿಯೂ ಇಬ್ಬರಿಗೆ ತಲಾ 10 ಲಕ್ಷ ರೂಪಾಯಿ ಕಟ್ಟಲು ಹೇಳಿತು, 2025ರ ಏಪ್ರಿಲದಲ್ಲಿ ಸುಪ್ರೀಂ ಕೋರ್ಟು ಆ ಹಣದ ಆಜ್ಞೆಯನ್ನೂ ತೆಗೆದುಹಾಕಿತು. ಅಷ್ಟರಲ್ಲಿ ಮಹಾರಾಜರು ಸಮಾಧಿಸ್ಥರಾಗಿ ಆರು ವರ್ಷವಾಗಿತ್ತು.

ಆ ಖಂಡನೆಯ ಪತ್ರದ ಮರುವರ್ಷ, 2017ರ ಡಿಸೆಂಬರದಲ್ಲಿ, ಮತ್ತೆ ಶಿಲ್ಪಾ ಶೆಟ್ಟಿಯವರ ಹೆಸರು ಪತ್ರಿಕೆಗೆ ಬಂತು. ಟೀವಿಯ ಒಂದು ಸಂದರ್ಶನದಲ್ಲಿ, ಮನೆಯಲ್ಲಿ ತಾವು ಹೇಗೆ ಕಾಣುತ್ತೇವೆಂದು ಹೇಳುವಾಗ, ಊರ ಹೊಲಸು ಬಳಿಯುವ ಜನರ ಜಾತಿಯ ಹೆಸರನ್ನು ಬೈಗುಳದಂತೆ ಉಪಯೋಗಿಸಿದ್ದರು. ಸಲ್ಮಾನ್ ಖಾನರ ಬಾಯಲ್ಲಿಯೂ ಅದೇ ಶಬ್ದ ಬಂದಿತ್ತು. ಆ ಶಬ್ದ ಇಲ್ಲಿ ಬರೆಯುವುದಿಲ್ಲ, ತಾವೆಲ್ಲ ಬಲ್ಲಿರಿ. ರಾಜಸ್ಥಾನದಲ್ಲಿ ಆ ಸಮಾಜದವರು ಥಿಯೇಟರುಗಳ ಮುಂದೆ ಧರಣಿ ಕೂತರು, ಚುರೂದಲ್ಲಿ ಫಿರ್ಯಾದಿಯಾಯಿತು. ಶಿಲ್ಪಾ ಕ್ಷಮೆ ಕೇಳಿದರು, ಯಾರನ್ನೂ ನೋಯಿಸುವ ಉದ್ದೇಶ ತಮಗಿರಲಿಲ್ಲವೆಂದರು. ಹತ್ತು ವರ್ಷದ ಹಿಂದೆ ಆ ಮನೆಯಿಂದ ಹೊರಬಿದ್ದ ಜೇಡ್ ಗೂಡಿಯೂ ಹೆಚ್ಚು ಕಡಿಮೆ ಇದನ್ನೇ ಹೇಳಿದ್ದಳು. 2024ರ ನವೆಂಬರದಲ್ಲಿ ರಾಜಸ್ಥಾನ ಹೈಕೋರ್ಟು, ಅವಮಾನ ಮಾಡುವ ಉದ್ದೇಶ ಕಾಣುವುದಿಲ್ಲವೆಂದು ಪ್ರಕರಣವನ್ನು ರದ್ದುಪಡಿಸಿತು. ಕಾಯದೆಯ ಮಾತು ಕಾಯದೆಗೆ.

ನಮ್ಮ ಗಾದಿಯ ಮೇಲೆ ಆಗ ಏನು ಮಾತಾಯಿತು? ‘ಬಾಯ್ತಪ್ಪಿ ಬಂದಿರಬೇಕ ಬಿಡ್ರಿ. ಈಗಿನ ಮಂದಿ ಎಲ್ಲಾದಕ್ಕೂ ಸಿಟ್ಟಾಗ್ತಾರ.’ ಈ ಮಾತು ಆಡಿದವರು ಬೇರೆ ಯಾರೂ ಅಲ್ಲ, ಹಿಂದಿನ ವರ್ಷ ಖಂಡನೆಯ ಪತ್ರಕ್ಕೆ ಸಹಿ ಮಾಡಿದವರೇ. ಹೆಸರು ಕೇಳಿದರೆ ನಮ್ಮದೇ ಮೊದಲು.

ನಮ್ಮ ತಂದೆಯವರು ನಾಗಣಸೂರಿನಲ್ಲಿ ಕಿರಾಣಿ ಅಂಗಡಿ ಇಟ್ಟ ಕಾಲಕ್ಕೆ ಸೇರು, ಪಾವು ಇನ್ನೂ ಇದ್ದವು. ಕೆಲವು ಅಂಗಡಿಗಳಲ್ಲಿ ಎರಡು ಸೇರು ಇರುತ್ತಿದ್ದವು: ರೈತನ ಜೋಳ ಕೊಳ್ಳಲು ಸ್ವಲ್ಪ ದೊಡ್ಡದು, ಗಿರಾಕಿಗೆ ಕೊಡಲು ಸ್ವಲ್ಪ ಸಣ್ಣದು. ಕಣ್ಣಿಗೆ ಗೊತ್ತಾಗುತ್ತಿರಲಿಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತದ ಅತಿಚಾರಗಳೊಳಗೆ ಇದನ್ನು ಹೀನಾಧಿಕಮಾನೋನ್ಮಾನ ಎಂದು ಎಣಿಸಿದ್ದಾರೆ. ತಂದೆಯವರದು ಒಂದೇ ಹಿತ್ತಾಳೆಯ ಸೇರು, ಅದು ಇಂದಿಗೂ ನಮ್ಮ ದೇವರಮನೆಯ ಮಾಡದಲ್ಲಿದೆ. ಕಾಳಿನ ಅಳತೆಯಲ್ಲಿ ನಾವೂ ತಪ್ಪಿದವರಲ್ಲ. ಮಾತಿಗೂ ಸೇರಿರುತ್ತದೆಂದು ಮಾತ್ರ ತಲೆಗೆ ಹೊಳೆಯಲಿಲ್ಲ. ಕುಲಮದ, ಜಾತಿಮದ, ಶರೀರಮದ ಎಂದು ಎಂಟು ಮದಗಳನ್ನು ಪಾಠಶಾಲೆಯಲ್ಲಿ ಬಾಯಿಪಾಠ ಒಪ್ಪಿಸಿ ಬಹುಮಾನ ಪಡೆದವರು ನಾವು!

ಎರಡು ಸೇರಿನ ಇನ್ನೊಂದು ವ್ಯವಹಾರ ಹೇಳದೆ ಈ ಲೇಖನ ಮುಗಿಸಿದರೆ ಅದೂ ಕಳ್ಳತನವೇ. 2014ರಲ್ಲಿ ಮಗಳಿಗೆ ವರ ನೋಡಲು ಸುರು ಮಾಡಿದೆವು. ಮಗಳು ನಮ್ಮ ತಾಯಿಯವರ ಬಣ್ಣ, ಕಪ್ಪು. ಬಿ.ಕಾಂ. ಓದಿದವಳು, ಲೆಕ್ಕದಲ್ಲಿ ನಮ್ಮ ದಿವಾಣಜಿಯನ್ನು ಮೀರಿಸಿದವಳು. ವಧು-ವರ ಪುಟಕ್ಕೆ ಕಳಿಸಿದ ಚೀಟಿಯಲ್ಲಿ ನಮ್ಮ ಕೈಯಾರೆ ‘ಗೋಧಿವರ್ಣ’ ಎಂದು ಬರೆದೆವು. ಬಂದವರು ಅವಲಕ್ಕಿ ತಿಂದು ಹೋಗಿ, ‘ಕುಂಡಲಿ ಕೂಡಲಿಲ್ಲ’ ಎಂದು ಹೇಳಿಕಳಿಸುತ್ತಿದ್ದರು. ಒಬ್ಬರಂತೂ ಕುಂಡಲಿ ಕೇಳಿರಲೇ ಇಲ್ಲ! ನಾಲ್ಕನೆಯವರೋ ಐದನೆಯವರೋ ಹೋದ ಮೇಲೆ ಮನೆಯಾಕೆ ನಾಗಣಸೂರಿನ ಅಂಗಡಿಯಿಂದ ಫೇರ್ ಅಂಡ್ ಲವ್ಲಿ ತರಿಸಿದರು. 1975ರಿಂದ ಬಂದ ಮುಲಾಮು ಅದು. ಅದರ ಸಣ್ಣ ಪಾಕೀಟುಗಳ ಸರ ನಮ್ಮ ಅಂಗಡಿಯ ಬಾಗಿಲಿಗೇ ತೂಗುತ್ತಿತ್ತು, ಲಾಭವನ್ನೂ ನಾವು ಎಣಿಸುತ್ತಿದ್ದೆವು. ಮಗಳು ಪಾಕೀಟು ಮುಟ್ಟಲಿಲ್ಲ. ಆಗ ಕಣ್ಣೀರು ಹಾಕಿ ಹೇಳಿದಳು, ಶಾಲೆಯಲ್ಲಿ ತನ್ನನ್ನೂ ‘ಕರಿ’ ಎಂದೇ ಕರೆಯುತ್ತಿದ್ದರಂತೆ. ಅಂದು ಆ ಹಮಾಲನ ಹೆಸರು ಯಾಕೆ ಕೇಳಿದ್ದಳೆಂದು ಏಳು ವರ್ಷದ ಮೇಲೆ ತಿಳಿಯಿತು.

ಅವಳಿಗೆ ಒಳ್ಳೆಯ ಮನೆ ಸಿಕ್ಕಿತು, ಸೊಲ್ಲಾಪುರದಲ್ಲಿ ಸುಖವಾಗಿದ್ದಾಳೆ. ಆದರೆ 2018ರಲ್ಲಿ ಮಗನಿಗೆ ಹೆಣ್ಣು ನೋಡುವಾಗ ಅದೇ ಪುಟಕ್ಕೆ ನಾವು ಬರೆದು ಕಳಿಸಿದ್ದು ‘ಗೌರವರ್ಣದ, ಸುಸಂಸ್ಕೃತ ಕನ್ಯೆ ಬೇಕು’ ಎಂದು. ಮಗಳನ್ನು ಕೊಡುವಾಗ ‘ಬಣ್ಣ ಏನ ಮಾಡ್ತೀರಿ, ಗುಣ ನೋಡ್ರಿ’ ಎಂದ ಬಾಯಿ, ಸೊಸೆಯನ್ನು ತರುವಾಗ ಬೇರೆ ಸೇರು ಹಿಡಿದಿತ್ತು. ಪುಟ ಅಚ್ಚಾಗಿ ಬಂದ ದಿವಸ ಮಗಳು ಫೋನು ಮಾಡಿದಳು. ಬೈಯಲಿಲ್ಲ. ‘ಓದಿದೆ ಅಪ್ಪಾ’ ಅಂದಳು, ಅಷ್ಟೇ.

2020ರ ಮೇ ತಿಂಗಳಲ್ಲಿ ಅಮೇರಿಕೆಯ ಮಿನಿಯಾಪೊಲಿಸ್ ಊರಿನಲ್ಲಿ ಪೋಲೀಸನ ಮೊಣಕಾಲಡಿ ಜಾರ್ಜ್ ಫ್ಲಾಯ್ಡ್ ಸತ್ತಾಗ ನಮ್ಮ ಸಿನೆಮಾ ತಾರೆಯರೂ ದುಃಖದ ಮಾತು ಬರೆದರು. ಪ್ರಿಯಾಂಕಾ ಚೋಪ್ರಾರಂಥವರಿಗೆ ಜನ ತಿರುಗಿ ಕೇಳಿದರು: ಬೆಳ್ಳಗಾಗುವ ಮುಲಾಮು ಮಾರಿದವರು ನೀವೇ ಅಲ್ಲವೇ? ತಾರೆಯರನ್ನು ಕೇಳಿದರು, ಅಂಗಡಿಯವರನ್ನು ಯಾರೂ ಕೇಳಲಿಲ್ಲ. ಜುಲೈದಲ್ಲಿ ಕಂಪನಿಯವರು ಫೇರ್ ತೆಗೆದು ಗ್ಲೋ ಎಂದು ಹೆಸರಿಟ್ಟರು. ನಾಗಣಸೂರಿನ ಗಿರಾಕಿಗಳು ಈಗಲೂ ಹಳೆಯ ಹೆಸರಿನಿಂದಲೇ ಕೇಳುತ್ತಾರೆ.

ಸಂಪಾದಕರಲ್ಲಿ ಒಂದು ಬಿನ್ನಹ. ವಧು-ವರ ಪುಟದ ಅರ್ಜಿಯಲ್ಲಿ ಎತ್ತರದ ಕೆಳಗೆ ‘ವರ್ಣ’ ಎಂಬ ಕಾಲಮು ಇದೆ. ಅದನ್ನು ತೆಗೆಯಲಾದೀತೇ? ಹೋದ ತಿಂಗಳು ನಮ್ಮ ತಮ್ಮನ ಮಗನ ಅರ್ಜಿ ತುಂಬುವಾಗ ಆ ಕಾಲಮು ಖಾಲಿ ಬಿಟ್ಟೆವು. ಮೂರು ಮನೆಗಳಿಂದ ಫೋನು ಬಂತು, ‘ಬಣ್ಣ ಬರಿಯೂದ ಮರ್ತೀರಿ’ ಎಂದು.

ಆ ಹಮಾಲನ ಹೆಸರು ನಮಗೆ ತಿಳಿದ ಬಗೆ ಇದು. 2011ರಲ್ಲಿ ಆತ ಮಗಳ ಲಗ್ನಪತ್ರಿಕೆ ತಂದ. ಅರಿಷಿಣ ಹಚ್ಚಿದ ಪತ್ರಿಕೆ, ಒಳಗೆ ತಂದೆಯ ಜಾಗದಲ್ಲಿ ಒಂದು ಚೆಂದದ ಹೆಸರು. ‘ಇವರು ಯಾರೋ ಕರ್ಯಾ?’ ಎಂದು ಕೇಳಿದೆವು.

‘ನಾನ ರೀ ಸಾವಕಾರ್ರ’ ಅಂದ.

ಅಂದೇ ದಿವಾಣಜಿಗೆ ಹೇಳಿ ಖಾತೆಯಲ್ಲಿ ಹೆಸರು ತಿದ್ದಿಸಿದೆವು. ಬಾಯಿ ತಿದ್ದಲು ಇನ್ನೂ ಬಹಳ ವರ್ಷ ಹಿಡಿಯಿತು, ಮೇಲೆ ಹೇಳಿದ ಎಷ್ಟೋ ಸಂಗತಿ ಆಮೇಲಿನವೇ. ಪ್ರತಿ ವರ್ಷ ದಶಲಕ್ಷಣ ಪರ್ವ ಮುಗಿದ ಮೇಲೆ ಕ್ಷಮಾವಾಣಿಯ ಕಾರ್ಡುಗಳನ್ನು ಬೀಗರಿಗೆ, ಪೇಟೆಯವರಿಗೆ ಹಂಚುತ್ತೇವಲ್ಲ, 2019ರಲ್ಲಿ ಒಂದು ಕಾರ್ಡಿನ ಮೇಲೆ ಆ ಪೂರ್ತಿ ಹೆಸರು ಬರೆದು, ನಾಗಣಸೂರಿಗೆ ಹೋಗಿ ಕೈಯಲ್ಲಿಟ್ಟು ಬಂದೆವು. ಆಗಲೇ ಆತನ ಬೆನ್ನು ಬಾಗಿ ಕೆಲಸ ಬಿಟ್ಟಾಗಿತ್ತು. ಓದಲು ಬಾರದವ, ಮೊಮ್ಮಗನಿಂದ ಓದಿಸಿದ. ಚಹಾ ಮಾಡಿಸಿದ. ಏನೂ ಮಾತಾಡಲಿಲ್ಲ.

ಮೊನ್ನೆ ಮೊಮ್ಮಗನ ಕಾಲೇಜು ಫೀಯ ಸಲುವಾಗಿ ಫೋನು ಮಾಡಿದ್ದ. ನಾವು ಎತ್ತಿ ‘ಯಾರು?’ ಎಂದೆವು.

‘ನಾನ್ರೀ ಸಾವಕಾರ್ರ, ಕರ್ಯಾ.’